ಹೆರಿಗೆ ನೋವಿನಲ್ಲಿ ಬಿಳಿ ರಕ್ತಕಣ ಏರಿದರೆ ಸೋಂಕು ಅಂತಲ್ಲ

ಲೇಬರ್ ವಾರ್ಡಿನ ಬಾಗಿಲಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಕೈಯಲ್ಲಿ ರಕ್ತದ ರಿಪೋರ್ಟು, ಬಿಳಿ ರಕ್ತಕಣ 18,000, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಹೈ'. "ಡಾಕ್ಟ್ರೇ, ಇನ್ಫೆಕ್ಷನ್ ಆಗಿದ್ಯಾ?"

ಲ್ಯಾಬಿನವರು ಅಚ್ಚು ಹಾಕಿರುವ 4,000-11,000 ಬಸುರಿಯಲ್ಲದವರ ಲೆಕ್ಕ. ಗರ್ಭಿಣಿಯರಲ್ಲಿ 15 ಸಾವಿರದವರೆಗೂ ಸಹಜವೇ, ನೋವು ಶುರುವಾದ ಮೇಲಂತೂ ಯಾವ ಸೋಂಕೂ ಇಲ್ಲದೆ 25 ಸಾವಿರ ಮುಟ್ಟುವುದುಂಟು. ಹಾಗಾಗಿ ನಾವು ಬರೀ ಕೌಂಟ್ ನೋಡಿ ಆ್ಯಂಟಿಬಯೋಟಿಕ್ ಬರೆಯುವುದಿಲ್ಲ. ಜ್ವರ, ತಾಯಿಯ ನಾಡಿ, ಮಗುವಿನ ಎದೆಬಡಿತ, ಹೋಗುವ ನೀರಿನ ವಾಸನೆ, ಇವನ್ನೆಲ್ಲ ನೋಡುತ್ತೇವೆ.

ಏರುವುದು ಯಾಕೆ? ನೋವಿನ ಒತ್ತಡ ಒಂದು ಕಾರಣ. ಆದರೆ ಹೆರಿಗೆ ಅನ್ನುವುದೇ ಒಂಥರಾ ಉರಿಯೂತ. ಬಿಳಿ ರಕ್ತಕಣಗಳು ಗರ್ಭಕೋಶದ ಬಾಯಿಗೆ ನುಗ್ಗಿ ಇಂಟರ್‌ಲ್ಯೂಕಿನ್ ಎಂಬ ಉರಿಯೂತದ ಸಂಕೇತಗಳನ್ನು ಬಿಡುತ್ತವೆ, ಬಾಯಿ ಮೆತ್ತಗಾಗಿಸಿ ನೋವು ಬರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಒಂಬತ್ತು ತಿಂಗಳು ಬಿಗಿಯಾಗಿದ್ದ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಸಡಿಲವಾಗಿ ಬಾಯಿ ಮೆತ್ತಗಾಗುತ್ತದೆ. ನೋವು ಬರಿಸಲು ನಾವು ಇಡುವ ಜೆಲ್ ಇದೆಯಲ್ಲ, ಅದರಲ್ಲಿರುವುದೂ ಪ್ರೊಸ್ಟಗ್ಲಾಂಡಿನ್ನೇ.

"ಬಸುರಿಯಲ್ಲಿ ಇಮ್ಯುನಿಟಿ ಕಮ್ಮಿ" ಅನ್ನುವುದು ಅರ್ಧ ಸತ್ಯ. ಮಗುವಿನ ಅರ್ಧ ವಂಶವಾಹಿಗಳು ಅಪ್ಪನವು, ಆದರೂ ತಾಯಿಯ ದೇಹ ಅದನ್ನು ಯಾಕೆ ಹೊರಹಾಕುವುದಿಲ್ಲ ಎಂದು ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡವಾರ್ 1953ರಲ್ಲೇ ಕೇಳಿದ್ದರು. ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದ ರಕ್ಷಣಾ ಕಣಗಳಲ್ಲಿ ಸುಮಾರು ನೂರಕ್ಕೆ 70 'ನ್ಯಾಚುರಲ್ ಕಿಲ್ಲರ್' ಜಾತಿಯವು. ಹೆಸರು ಕೇಳಿ ಹೆದರಬೇಡಿ, ಇಲ್ಲಿ ಅವು ಕೊಲ್ಲುವುದಿಲ್ಲ, ಮಾಸಿಗೆ ರಕ್ತ ಸಾಕಷ್ಟು ಹರಿಯುವಂತೆ ತಾಯಿಯ ರಕ್ತನಾಳಗಳನ್ನು ಅಗಲ ಮಾಡಲು ನೆರವಾಗುತ್ತವೆ. ಈ ನಾಳಗಳು ಸರಿಯಾಗಿ ಅಗಲವಾಗದಿದ್ದರೆ ಮುಂದೆ ಬಿಪಿ ಏರುವ ಪ್ರೀಎಕ್ಲಾಂಪ್ಸಿಯಾದ ಅಪಾಯ ಹೆಚ್ಚು.

ಹೆರಿಗೆ ಹೊತ್ತಿಗೆ ಏಳುವ ಆ ಉರಿಯೂತ ನಡುವಿನ ತಿಂಗಳುಗಳಲ್ಲಿ ತಣ್ಣಗಿರುತ್ತದೆ. ದೇಹದ ರಕ್ಷಣಾ ಕಣಗಳೇ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಕೀಲುನೋವಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಬಸುರಿನಲ್ಲಿ ಆರಾಮ ಅನಿಸಿ, ಬಾಣಂತನದಲ್ಲಿ ಮತ್ತೆ ಕೆರಳುವುದನ್ನು ನೋಡಿದ್ದೇನೆ. ಅದೇ ಜಾತಿಯ ಇನ್ನೊಂದು ಕಾಯಿಲೆ ಲೂಪಸ್ ಹಾಗಲ್ಲ, ಬಸುರಿನಲ್ಲೇ ಕೆರಳಬಹುದು. ಫ್ಲೂ ಮತ್ತು ಲಿವರ್‌ಗೆ ತಗಲುವ 'ಹೆಪಟೈಟಿಸ್ ಇ' ಬಸುರಿಯರನ್ನು ಜಾಸ್ತಿ ಕಾಡುತ್ತವೆ, ನಿಜ. ಆದರೆ ಫ್ಲೂ ಲಸಿಕೆಗೆ ಅವರ ದೇಹ ಚೆನ್ನಾಗೇ ಪ್ರತಿಕಾಯ ತಯಾರಿಸುತ್ತದೆ, ಅದು ಮಾಸು ದಾಟಿ ಮಗುವಿಗೂ ಸಿಗುತ್ತದೆ. ಸುಮ್ನೆ 'ಕಮ್ಮಿ' ಅಂದರೆ ಇದು ಹೇಗೆ ಸಾಧ್ಯ, ಅಲ್ವಾ?

ಹೆರಿಗೆಯಾದ ಮೇಲೆ ಕೌಂಟ್ ತಾನಾಗಿಯೇ ಇಳಿಯುತ್ತದೆ. ಆದರೆ ಬಾಣಂತಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಹೊಟ್ಟೆನೋವು ಏರುತ್ತಿದ್ದರೆ ಅಥವಾ ಸ್ರಾವ ಕೆಟ್ಟ ವಾಸನೆ ಬಂದರೆ, ರಿಪೋರ್ಟಿಗೆ ಕಾಯದೆ ನೇರ ಆಸ್ಪತ್ರೆಗೆ ಬನ್ನಿ.