ಹದಿಮೂರರ ಮಗ್ಗಿ ಹೇಳುತ್ತಾ ಪೊಸಡಿಗುಂಪೆ ಏರಿದೆ

ಕಾಸರಗೋಡಿನ ಪೊಸಡಿಗುಂಪೆ ಗುಡ್ಡೆಗೆ ಒಬ್ಬನೇ ಹೋಗುವುದು ನನಗೆ ಕಾಲೇಜಿನ ದಿನಗಳಿಂದ ಬಂದ ಅಭ್ಯಾಸ. ಧರ್ಮತ್ತಡ್ಕದಲ್ಲಿ ಬಸ್ಸಿಳಿದು, ಒಂದು ಚಾ ಕುಡಿದು ನಡೆದರೆ ಆಯಿತು. ತುದಿಯಲ್ಲಿ ನಿಂತರೆ ಪಡುವಣಕ್ಕೆ ಕಡಲು, ಆಕಾಶ ತಿಳಿಯಾಗಿದ್ದರೆ ಮೂಡಣಕ್ಕೆ ಕುದುರೆಮುಖದ ಸಾಲು. ಕಳೆದ ವರ್ಷ ಮಳೆ ಬಿಟ್ಟ ಮೇಲೆ ಹಾಗೇ ಹೋಗಿದ್ದೆ. ಅರ್ಧ ಏರುವಷ್ಟರಲ್ಲಿ ಎದೆಯನ್ನು ಯಾರೋ ಹಿಂಡಿದಂತಾಯಿತು. ಕಲ್ಲಿನ ಮೇಲೆ ಕೂತೆ, ಐದು ನಿಮಿಷದಲ್ಲಿ ಹೋಯಿತು. ಗ್ಯಾಸ್ ಇರಬೇಕು ಅಂದುಕೊಂಡು ಎದ್ದು ನಡೆದೆ, ಮತ್ತೆ ಬಂತು. ವಾರದೊಳಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೃದಯದ ಕಿರಿದಾದ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಬಲೆಯ ಕೊಳವೆ) ಹಾಕಿಸಿಕೊಂಡು ಮಲಗಿದ್ದೆ.

ಏರಿದರೆ ಬರುವ, ನಿಂತರೆ ಹೋಗುವ ಈ ನೋವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1772ರಲ್ಲೇ ವಿವರಿಸಿದ್ದರು. ಏರು ದಾರಿಯಲ್ಲಿ, ಅದರಲ್ಲೂ ಊಟವಾದ ಕೂಡಲೇ ನಡೆದರೆ ಇದು ಕಾಡುತ್ತದೆ ಎಂದು ಬರೆದಿದ್ದರು. ದಿನಾ ಅರ್ಧ ಗಂಟೆ ಗರಗಸದಲ್ಲಿ ಮರ ಕೊಯ್ದು ಹೆಚ್ಚುಕಡಿಮೆ ಗುಣವಾದ ರೋಗಿಯೊಬ್ಬರ ವಿಷಯವನ್ನೂ ಅವರೇ ಬರೆದಿಟ್ಟಿದ್ದಾರೆ. ನನಗೆ ಧೈರ್ಯ ಕೊಟ್ಟದ್ದು ಈ ಎರಡನೇ ಮಾತು.

ಏರಿನಲ್ಲೇ ಯಾಕೆ ಬರುತ್ತದೆ? ಕಾಲಿನ ಸ್ನಾಯು ಸುಮ್ನೆ ಇರುವಾಗ ರಕ್ತದ ಆಮ್ಲಜನಕದಲ್ಲಿ ಸ್ವಲ್ಪವನ್ನೇ ಬಳಸುತ್ತದೆ. ಕೆಲಸ ಜಾಸ್ತಿಯಾದಾಗ ಅದೇ ರಕ್ತದಿಂದ ಇನ್ನಷ್ಟು ಹೀರಿಕೊಳ್ಳಬಹುದು. ಹೃದಯಕ್ಕೆ ಆ ಸೌಕರ್ಯ ಇಲ್ಲ. ನಾವು ಮಲಗಿದ್ದಾಗಲೂ ಅದು ತನ್ನ ಪಾಲಿನ ಆಮ್ಲಜನಕದಲ್ಲಿ ಸುಮಾರು 70 ಶೇಕಡಾ ಬಳಸಿ ಆಗಿರುತ್ತದೆ. ಇನ್ನೂ ಬೇಕೆಂದರೆ ರಕ್ತವೇ ಜಾಸ್ತಿ ಹರಿದು ಬರಬೇಕು. ಒಳ್ಳೆಯ ನಾಳ ಹಿಗ್ಗಿ ನಾಲ್ಕೈದು ಪಟ್ಟು ರಕ್ತ ಬಿಡುತ್ತದೆ, ಕಿರಿದಾದ ನಾಳಕ್ಕೆ ಅದು ಆಗುವುದಿಲ್ಲ. ಒಳಗೆ ಕೆಸರು ಕಟ್ಟಿದ ಪೈಪಿನಲ್ಲಿ ತೋಟದ ಒಂದು ಸ್ಪ್ರಿಂಕ್ಲರ್ ಹೇಗೋ ತಿರುಗುತ್ತದೆ, ಹತ್ತನ್ನೂ ಒಟ್ಟಿಗೆ ಬಿಟ್ಟಾಗ ಬಂಡವಾಳ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ವಿಷಯವಿದೆ. ಹೃದಯ ಬಿಗಿಯುವಾಗ ತನ್ನ ಗೋಡೆಯೊಳಗಿನ ನಾಳಗಳನ್ನೂ ಹಿಂಡುತ್ತದೆ, ಹಾಗಾಗಿ ಅದಕ್ಕೆ ರಕ್ತ ಸಿಗುವುದು ಹೆಚ್ಚಾಗಿ ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಜೋರಾದಷ್ಟೂ ಆ ಬಿಡುವು ಕಡಿಮೆ. ನಮ್ಮಂಥವರಿಗೆ ಬೀಟಾ ಬ್ಲಾಕರ್ ಮಾತ್ರೆ ಕೊಡುವುದಕ್ಕೆ ಇದೂ ಒಂದು ಕಾರಣ, ಅದು ಬಡಿತವನ್ನು ನಿಧಾನ ಮಾಡುತ್ತದೆ. ಆದರೆ ಮಾತ್ರೆ ಶುರುವಾದ ಮೇಲೆ ಕೈಗಡಿಯಾರದ ಲೆಕ್ಕ ನಂಬುವಂತಿಲ್ಲ. ನಿಮಿಷಕ್ಕೆ ಗರಿಷ್ಠ ಎಷ್ಟು ಬಡಿತ ಎನ್ನುವುದಕ್ಕೆ 220ರಿಂದ ವಯಸ್ಸು ಕಳೆಯುವ ಸೂತ್ರ ನನ್ನ 56ಕ್ಕೆ 164 ಎನ್ನುತ್ತದೆ. ನನಗೆ 105ಕ್ಕೇ ಏದುಸಿರು ಬರುತ್ತದೆ.

ಅದಕ್ಕೇ ಮಗ್ಗಿ. ಏರುವಾಗ ಗಟ್ಟಿಯಾಗಿ ಹದಿಮೂರರ ಮಗ್ಗಿ ಹೇಳುತ್ತೇನೆ. ಹದಿಮೂರೇಳು ತೊಂಬತ್ತೊಂದು ಎಂಬ ಸಾಲು ನಡುವೆ ಉಸಿರೆಳೆಯದೆ ಮುಗಿದರೆ ವೇಗ ಸರಿ. ತುಂಡಾದರೆ ನಿಧಾನ ಮಾಡುತ್ತೇನೆ. ಹೃದ್ರೋಗಿಗಳ ವ್ಯಾಯಾಮಕ್ಕೆ ವೈದ್ಯರೂ ಹೇಳುವ ಪರೀಕ್ಷೆ ಇದೇ: ಮಾತಾಡಲು ಆಗಬೇಕು.

ಗುಡ್ಡೆ ಎಷ್ಟು ಎತ್ತರ ಎನ್ನುವುದಕ್ಕಿಂತ ಅದನ್ನು ಎಷ್ಟು ಹೊತ್ತಿನಲ್ಲಿ ಏರುತ್ತೇವೆ ಎನ್ನುವುದು ದೊಡ್ಡದು. 70 ಕಿಲೋ ತೂಕದವರು 100 ಮೀಟರ್ ಎತ್ತರವನ್ನು 10 ನಿಮಿಷದಲ್ಲಿ ಏರಿದರೆ, ದೇಹವನ್ನು ಎತ್ತುವುದಕ್ಕೇ ಸುಮಾರು 114 ವಾಟ್ ಬೇಕು. 20 ನಿಮಿಷ ತೆಗೆದುಕೊಂಡರೆ 57 ಸಾಕು. ಯಂತ್ರದ ಮೇಲೆ ನಡೆಸಿ ಹೃದಯ ನೋಡುವ ಟ್ರೆಡ್‌ಮಿಲ್ ಪರೀಕ್ಷೆಯೂ ಒಂದು ಗುಡ್ಡೆಯೇ. ಅದರ ಬ್ರೂಸ್ ಎಂಬ ಕ್ರಮದಲ್ಲಿ ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ, 10 ಶೇಕಡಾ ಏರು, ಆಮೇಲೆ ಮೂರು ಮೂರು ನಿಮಿಷಕ್ಕೆ ಎರಡೂ ಹೆಚ್ಚುತ್ತಾ ಹೋಗುತ್ತವೆ. ಆ ಪರೀಕ್ಷೆ ಮಾಡಿಸದೆ, ಡಾಕ್ಟರು ಒಪ್ಪದೆ ನಾನು ಗುಡ್ಡೆಯ ಕಡೆ ಕಾಲಿಡಲಿಲ್ಲ, ನೀವೂ ಇಡಬೇಡಿ. ಅಲ್ಲಿ ಇಸಿಜಿ ನೋಡುತ್ತಾ ಪಕ್ಕದಲ್ಲಿ ಒಬ್ಬರು ನಿಂತಿರುತ್ತಾರೆ. ಇಲ್ಲಿ ಆ ಕೆಲಸವೂ ನಮ್ಮದೇ.

ನಮ್ಮ ಕರಾವಳಿಯ ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಆಗ ಹೃದಯ ಕಾಲಿಗೂ ರಕ್ತ ಕಳಿಸಬೇಕು, ಚರ್ಮಕ್ಕೂ ಕಳಿಸಬೇಕು. ಹಾಗಾಗಿ ಬೆಳಗಾಗುತ್ತಲೇ ಹೊರಡುತ್ತೇನೆ. ಏರಿದ ಮೇಲೆ ತಟ್ಟನೆ ಕೂರುವುದಿಲ್ಲ, ಯಾಕೆಂದರೆ ಮೀನಖಂಡದ ಕೆಲಸ ನಿಂತ ಕೂಡಲೇ ರಕ್ತ ಕಾಲಲ್ಲೇ ಉಳಿದು ತಲೆ ತಿರುಗಬಹುದು, ಮಾತ್ರೆ ತಿನ್ನುವವರಿಗೆ ಇನ್ನೂ ಜಾಸ್ತಿ. ಆದರೆ ನೋವು ಬಂದರೆ ಮಾತ್ರ ಅಲ್ಲೇ ಕೂರಬೇಕು. ಎದೆನೋವಿಗೆಂದು ಡಾಕ್ಟರು ಕೊಟ್ಟ ಸಾರ್ಬಿಟ್ರೇಟ್ ಮಾತ್ರೆ ಅಂಗಿ ಜೇಬಿನಲ್ಲೇ ಇರುತ್ತದೆ, ಬ್ಯಾಗಿನ ತಳದಲ್ಲಿ ಅಲ್ಲ. ಅದು ರಕ್ತದೊತ್ತಡ ಇಳಿಸುವುದರಿಂದ ಕೂತೇ ನಾಲಗೆಯಡಿ ಇಡಬೇಕು. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108.

ಆಸ್ಪತ್ರೆಯ ದೂರ ಎಂದರೇನು ಎಂದು ಕಾಸರಗೋಡಿನವರಿಗೆ ಹೇಳಿಕೊಡಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ಪಟ್ಟ ಪಾಡನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೃದಯದ ಸ್ನಾಯುವಿಗೆ ರಕ್ತ ನಿಂತರೆ ಒಂದೊಂದು ನಿಮಿಷಕ್ಕೂ ನಷ್ಟ. ಒಬ್ಬನೇ ಹೋಗುವವನಿಗೆ ಅಪಾಯ ಏರಿನಿಂದ ಬರುವುದಕ್ಕಿಂತ ಹೆಚ್ಚಾಗಿ, ಬಿದ್ದರೆ ನೋಡುವವರಿಲ್ಲ ಎನ್ನುವುದರಿಂದ ಬರುತ್ತದೆ. ನಾನು ಯಾವ ದಾರಿ, ಎಷ್ಟು ಹೊತ್ತಿಗೆ ತುದಿ, ಎಷ್ಟು ಹೊತ್ತಿಗೆ ಕೆಳಗೆ ಎಂದು ಹೆಂಡತಿಗೆ ಬರೆದುಕೊಟ್ಟು ಹೋಗುತ್ತೇನೆ. ಹೇಳಿದ ಹೊತ್ತಿಗೆ ಫೋನ್ ಬರದಿದ್ದರೆ ಗುಡ್ಡೆಯ ಬುಡದಲ್ಲಿರುವ ನೆಂಟರಿಗೆ ಅವಳು ಹೇಳುತ್ತಾಳೆ.

ಮೂರು ತಿಂಗಳು ಬೈಲಿನ ದಾರಿಯಲ್ಲಿ ನಡೆದೆ, ಆಮೇಲೆ ಮನೆ ಹಿಂದಿನ ಗುಡ್ಡೆ. ಅಭ್ಯಾಸವಾದಂತೆ ಕಾಲಿನ ಸ್ನಾಯು ಆಮ್ಲಜನಕವನ್ನು ಚೆನ್ನಾಗಿ ಹೀರಲು ಕಲಿಯುತ್ತದೆ, ಅದೇ ಏರಿಗೆ ಹೃದಯ ಕಡಿಮೆ ಬಡಿದರೆ ಸಾಕಾಗುತ್ತದೆ. ಕೊನೆಗೆ ಪೊಸಡಿಗುಂಪೆಗೆ ಹೋದೆ. ಅವತ್ತು ಕೂತಿದ್ದ ಕಲ್ಲಿನ ಹತ್ತಿರ ಬಂದಾಗ ಮೈ ಒಂದು ಕ್ಷಣ ಹೆದರಿತು. ನಿಂತು ಕಾದೆ. ಎದೆ ಹಿಂಡಲಿಲ್ಲ. ಹದಿಮೂರೊಂದು ಹದಿಮೂರರಿಂದ ಮತ್ತೆ ಶುರು ಮಾಡಿ, ಮುಳಿಹುಲ್ಲಿನ ನಡುವೆ ನಿಧಾನಕ್ಕೆ ಏರಿದೆ. ತುದಿ ಮುಟ್ಟಿದ ಮೇಲೂ ಅತ್ತಿತ್ತ ನಡೆಯುತ್ತಲೇ ಮನೆಗೆ ಫೋನ್ ಮಾಡಿ, ಕಡಲು ಕಾಣುತ್ತಾ ಇದೆ ಎಂದೆ.