ಬದುಕಿಗೆ ಎಷ್ಟು ಸಾಲು ಬೇಕು?

‘ಮೃತರು ಪತ್ನಿ, ಇಬ್ಬರು ಪುತ್ರರು, ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’

ಪೇಪರಿನ ನಿಧನ ವಾರ್ತೆಯಲ್ಲಿ ಈ ಸಾಲು ಓದದವರಿಲ್ಲ. ಹೆಸರು, ವಯಸ್ಸು, ಊರು, ಅಂತ್ಯಕ್ರಿಯೆ ಎಲ್ಲಿ ಎಂಬುದೆಲ್ಲ ಇರುತ್ತದೆ. ಎಂಬತ್ತು ವರ್ಷ ಆ ಮನುಷ್ಯ ಏನು ಮಾಡಿದ ಎಂಬುದೇ ಇರುವುದಿಲ್ಲ. ಜಾಗ ಕಡಿಮೆ ಅಂತಾರೆ. ಆದರೆ ಜಾಗ ಇನ್ನೂ ಕಡಿಮೆ ಇದ್ದ ಕಾಲದಲ್ಲಿ ಕನ್ನಡದವರು ಇದನ್ನು ಚೆನ್ನಾಗಿಯೇ ಮಾಡಿದ್ದರು.

ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಶಾಸನವಿದೆ. ಕಪ್ಪೆ ಅರಭಟ್ಟ ಎಂಬವನದು. ಅವನ ಅಪ್ಪ ಯಾರು, ಮಕ್ಕಳೆಷ್ಟು, ಒಂದೂ ಇಲ್ಲ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದಿದೆ. ಒಳ್ಳೆಯವರಿಗೆ ಒಳ್ಳೆಯವನು, ಕಾಡಿದವರನ್ನು ಸುಮ್ನೆ ಬಿಡದವನು. ಕೆಲವೇ ಸಾಲಿನಲ್ಲಿ ಮನುಷ್ಯ ಎದುರಿಗೆ ನಿಲ್ಲುತ್ತಾನೆ.

ಆಮೇಲೆ ವೀರಗಲ್ಲುಗಳ ಕಾಲ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು. ತುದಿಯಲ್ಲಿ ಸೂರ್ಯ, ಚಂದ್ರ. ಬರಹ ಒಂದೆರಡು ಸಾಲು: ಇಂಥವನು ಊರಿನ ದನ ಬಿಡಿಸಿಕೊಂಡು ಬರುವಾಗ ಸತ್ತ. ಬೆಂಗಳೂರಿನ ಬೇಗೂರಿನಲ್ಲಿರುವ ಶಾಸನವೂ ಹೀಗೇ. ಒಂಬತ್ತನೇ ಶತಮಾನದ ಕೊನೆಯ ಹೊತ್ತಿನದು. ಬೆಂಗಳೂರ ಕಾಳಗದಲ್ಲಿ ಬುಟ್ಟನಸೆಟ್ಟಿ ಸತ್ತ, ಅಷ್ಟೇ. ಊರಿನ ಹೆಸರು ಎಷ್ಟು ಹಳೆಯದು ಎಂದು ನಮಗೆ ತಿಳಿದದ್ದು ಅವನ ಸಾವಿನಿಂದ.

ನನಗೆ ಜಾಸ್ತಿ ಇಷ್ಟ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಕ್ರಿ.ಶ. 949–50ರದು. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ದೊರೆಯ ನಾಯಿ ಕಾಳಿಯನ್ನು. ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು, ಕಚ್ಚಾಡಿ ಎರಡೂ ಸತ್ತವು. ಮಣಲೆರ ಕಲ್ಲು ನೆಡಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ. ಆ ಕಲ್ಲಿನಲ್ಲಿ ಹಂದಿಯ ಮೈಗೆ ಹಲ್ಲು ಊರಿದ ಕಾಳಿಯನ್ನು ಈಗಲೂ ನೋಡಬಹುದು.

ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಕಡಿಮೆ. ಗಂಡನ ಚಿತೆ ಏರಿದವರ ನೆನಪಿಗೆ ನೆಟ್ಟ ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಹೆಸರೂ ಇಲ್ಲ. ಕಂಬದಿಂದ ಚಾಚಿದ ಒಂದು ಕೈ, ಅದರ ತುಂಬ ಬಳೆ. ಆ ಕೈ ದಿನವೂ ಏನು ಕೆಲಸ ಮಾಡುತ್ತಿತ್ತೋ, ಕಲ್ಲು ಹೇಳುವುದಿಲ್ಲ.

ಮುಂದೆ ರಾಜ್ಯಗಳು ಬದಲಾದವು, ಕಲ್ಲುಗಳು ಹೊಲದ ಬದು ಸೇರಿದವು. 1843ರಲ್ಲಿ ‘ಮಂಗಳೂರ ಸಮಾಚಾರ’ ಬಂದು ಕನ್ನಡ ಪತ್ರಿಕೆಗಳ ಕಾಲ ಶುರುವಾಯಿತು. 1886ರಿಂದ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಹಳೆಯ ಶಾಸನಗಳು ಅಚ್ಚಾಗತೊಡಗಿದವು. ಹೊಸ ಸಾವುಗಳಿಗೆ ಪೇಪರಿನ ಮೂಲೆ ಸಿಕ್ಕಿತು. ದಿನಕ್ಕೆ ಹತ್ತಾರು ಸುದ್ದಿ ಬಂದಾಗ ಎಲ್ಲದಕ್ಕೂ ಒಂದೇ ಅಚ್ಚು. ಈಗ ಮೊಬೈಲಿನಲ್ಲಿ ‘ಓಂ ಶಾಂತಿ’. ಬೇಕೆಂದೇ ಯಾರೂ ಹೀಗೆ ಮಾಡಲಿಲ್ಲ. ಅವಸರದಲ್ಲಿ ಆದದ್ದು.

ನಮ್ಮ ಅಜ್ಜಿ ತೀರಿಕೊಂಡಾಗ ನಾನೇ ವಾರ್ತೆ ಬರೆದುಕೊಟ್ಟೆ. ‘ಊರಿನ ಬಾಣಂತಿಯರಿಗೆಲ್ಲ ಎಣ್ಣೆ ನೀರು ಹಾಕಿದವರು’ ಎಂದು ಒಂದು ಸಾಲು ಸೇರಿಸಿದ್ದೆ. ಮಾರನೆಯ ದಿನ ಪೇಪರಿನಲ್ಲಿ ಆ ಸಾಲು ಇರಲಿಲ್ಲ. ಹದಿಮೂರನೇ ದಿನದ ಕಾರ್ಡಿನಲ್ಲಿ ಅದನ್ನು ಅಚ್ಚು ಹಾಕಿಸಿದೆವು. ಊಟಕ್ಕೆ ಬಂದ ಹೆಂಗಸೊಬ್ಬರು ಕಾರ್ಡು ಹಿಡಿದುಕೊಂಡೇ ನಿಂತಿದ್ದರು. ‘ನನ್ನ ಮೂರು ಬಾಣಂತನದಲ್ಲೂ ಅವರೇ ಹಾಕಿದ್ದು’ ಅಂದರು.