‘ಹೈಪರ್‌ಸಾನಿಕ್’: ಮ್ಯಾಕ್ 5ರ ಲೆಕ್ಕ ಸಾಲದು

ರಕ್ಷಣಾ ಸುದ್ದಿಗಳಲ್ಲಿ ಈಗ ‘ಹೈಪರ್‌ಸಾನಿಕ್’ ಪದಕ್ಕೆ ಬರವಿಲ್ಲ. ಶಬ್ದದ ಐದು ಪಟ್ಟು ಮೀರಿದ ವೇಗ, ಅಂದರೆ ಮ್ಯಾಕ್ 5ರ ಆಚೆ ಎಂಬ ವಿವರಣೆಯೂ ಜೊತೆಗೇ ಬರುತ್ತದೆ. ನೆಲಮಟ್ಟದ ಲೆಕ್ಕದಲ್ಲಿ ಅದು ಗಂಟೆಗೆ ಸುಮಾರು 6,100 ಕಿ.ಮೀ. ಆದರೆ ಇಷ್ಟನ್ನೇ ನೆಚ್ಚಿಕೊಂಡರೆ ಎಷ್ಟೋ ದಶಕಗಳ ಹಿಂದಿನ ಖಂಡಾಂತರ ಕ್ಷಿಪಣಿಗಳೂ ಹೈಪರ್‌ಸಾನಿಕ್ ಆಗಿಬಿಡುತ್ತವೆ. ಹಾಗಿದ್ದರೆ ಈಗಿನ ಗದ್ದಲ ಯಾತಕ್ಕೆ?

ಈ ಪದವನ್ನು ಚಲಾವಣೆಗೆ ತಂದದ್ದು 1946ರ ಒಂದು ಗಣಿತಪ್ರಧಾನ ಪ್ರಬಂಧ. ಬರೆದವರು ಆಗ ಅಮೆರಿಕದಲ್ಲಿದ್ದ ಚೀನಾ ಮೂಲದ ವಿಜ್ಞಾನಿ ಚಿಯನ್ ಶ್ವೆಸೆನ್. ಕಮ್ಯುನಿಸ್ಟ್ ಎಂಬ ಶಂಕೆಗೆ ಸಿಲುಕಿದ ಅವರು 1955ರಲ್ಲಿ ಚೀನಾಕ್ಕೆ ಮರಳಿ ಅಲ್ಲಿನ ಕ್ಷಿಪಣಿ ಕಾರ್ಯಕ್ರಮವನ್ನು ಕಟ್ಟಿದರು. ಅಮೆರಿಕ ಕೈಯಾರೆ ಕಳೆದುಕೊಂಡ ಪ್ರತಿಭೆ ಎನ್ನದೆ ವಿಧಿಯಿಲ್ಲ.

ಮ್ಯಾಕ್ 1ನ್ನು ದಾಟಿದಾಗ ಗಾಳಿಯ ನಡವಳಿಕೆ ಸ್ಪಷ್ಟವಾಗಿ ಬದಲಾಗುತ್ತದೆ. ಮ್ಯಾಕ್ 5ರಲ್ಲಿ ಅಂಥ ಗಡಿಯೇನೂ ಇಲ್ಲ. ಅದು ರೂಢಿಯಿಂದ ಬಂದ ಅಂಕಿ. ಅದರ ಆಸುಪಾಸಿನಲ್ಲಿ ಆಘಾತ ತರಂಗ (ವೇಗಕ್ಕೆ ದಿಢೀರನೆ ಒತ್ತಿಕೊಂಡ ಗಾಳಿಯ ಅಲೆ) ವಾಹನದ ಮೈಗೆ ಹತ್ತಿರವಾಗುತ್ತ, ಶಾಖವೇ ಮುಖ್ಯ ಸಮಸ್ಯೆಯಾಗುತ್ತದೆ. ವೇಗ ಇನ್ನೂ ಏರಿದರೆ ಆಮ್ಲಜನಕದ ಅಣುಗಳೇ ಒಡೆಯುತ್ತವೆ. 1967ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಕ್ಸ್-15 ರಾಕೆಟ್ ವಿಮಾನ ಮ್ಯಾಕ್ 6.7 ಮುಟ್ಟಿದಾಗ, ಅದರ ಹೊಟ್ಟೆಯಡಿ ತೂಗುಹಾಕಿದ್ದ ಎಂಜಿನ್ ಮಾದರಿಯಿಂದ ಎದ್ದ ಆಘಾತ ತರಂಗಗಳು ಆಧಾರದ ರೆಕ್ಕೆಯಲ್ಲಿ ರಂಧ್ರಗಳನ್ನೇ ಕೊರೆದವು. ಮಾದರಿ ಕಳಚಿ ಬಿತ್ತು. ಪೈಲಟ್ ಪೀಟ್ ನೈಟ್ ಮಾತ್ರ ಸುರಕ್ಷಿತವಾಗಿ ಇಳಿದರು. ಚೂಪು ಮೂತಿಗಿಂತ ಮೊಂಡು ಮೂತಿಯೇ ಶಾಖವನ್ನು ದೂರವಿಡುತ್ತದೆ ಎಂದು ಅಮೆರಿಕದ ವಿಜ್ಞಾನಿ ಜೂಲಿಯನ್ ಆಲೆನ್ 1950ರ ದಶಕದ ಆರಂಭದಲ್ಲೇ ಕಂಡುಕೊಂಡಿದ್ದರು. ಬಾಹ್ಯಾಕಾಶದಿಂದ ಮರಳುವ ಕೋಶಗಳ ಮೂತಿ ಮೊಂಡಾಗಿರುವುದು ಅದಕ್ಕೇ.

ಇತ್ತೀಚಿನ ಬಳಕೆಯಲ್ಲಿ ಪದದ ಅರ್ಥ ಕಿರಿದಾಗಿದೆ. ವಾತಾವರಣದೊಳಗೇ ದೀರ್ಘಕಾಲ ಹಾರುತ್ತ, ದಾರಿ ಬದಲಿಸುವ ಸಾಮರ್ಥ್ಯವಿರುವ ಅಸ್ತ್ರಗಳಿಗೆ ಅದು ಮೀಸಲಾಗುತ್ತಿದೆ. ರಾಕೆಟ್ ಮೇಲೇರಿ ನಂತರ ತೇಲಿಬರುವ ಗ್ಲೈಡ್ ವಾಹನಗಳು ಒಂದು ಬಗೆ. ಚೀನಾ 2019ರ ಅಕ್ಟೋಬರ್ ಪಥಸಂಚಲನದಲ್ಲಿ ತೋರಿಸಿದ ಡಿಎಫ್-17 ಅಂಥದ್ದು. ಹೊರಗಿನ ಗಾಳಿಯನ್ನೇ ಒಳಗೆಳೆದುಕೊಂಡು ಇಂಧನ ಉರಿಸುವ ಸ್ಕ್ರಾಮ್‌ಜೆಟ್ ಎಂಜಿನ್ನಿನ ಕ್ರೂಸ್ ಕ್ಷಿಪಣಿಗಳು ಇನ್ನೊಂದು ಬಗೆ. ರಷ್ಯಾ 2022ರಲ್ಲಿ ಉಕ್ರೇನ್ ಮೇಲೆ ಪ್ರಯೋಗಿಸಿದ ಕಿಂಜಾಲ್, ವಿಮಾನದಿಂದ ಉಡಾಯಿಸುವ ಬ್ಯಾಲಿಸ್ಟಿಕ್ ಕ್ಷಿಪಣಿ. ಅದನ್ನು ಈ ಗುಂಪಿಗೆ ಸೇರಿಸುವುದು ನನಗಂತೂ ಉತ್ಪ್ರೇಕ್ಷೆ ಎನಿಸುತ್ತದೆ. ನಮ್ಮ ಬ್ರಹ್ಮೋಸ್ ಮ್ಯಾಕ್ 3ರ ಸಮೀಪದ ಸೂಪರ್‌ಸಾನಿಕ್ ಕ್ಷಿಪಣಿ ಅಷ್ಟೆ.

ಸ್ಕ್ರಾಮ್‌ಜೆಟ್‌ನ ಒಳಗೂ ಗಾಳಿ ಶಬ್ದವನ್ನು ಮೀರಿದ ವೇಗದಲ್ಲೇ ಹರಿಯುತ್ತದೆ. ಇಂಧನ ಬೆರೆತು ಉರಿಯಲು ಸಿಗುವುದು ಕೆಲವೇ ಮಿಲಿಸೆಕೆಂಡ್. ಇಂಥ ವೇಗದ ಹರಿವನ್ನು ನೆಲದ ಮೇಲೆ ಸೃಷ್ಟಿಸುವ ಶಾಕ್ ಟನಲ್‌ಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1970ರ ದಶಕದಿಂದಲೂ ಕೆಲಸ ಮಾಡುತ್ತ ಬಂದಿದೆ. 2020ರ ಸೆಪ್ಟೆಂಬರ್ 7ರಂದು ಡಿಆರ್‌ಡಿಒ ಒಡಿಶಾ ಕರಾವಳಿಯಲ್ಲಿ ಹಾರಿಸಿದ ವಾಹನದ ಸ್ಕ್ರಾಮ್‌ಜೆಟ್ ಮ್ಯಾಕ್ 6ರ ವೇಗದಲ್ಲಿ 20 ಸೆಕೆಂಡಿಗೂ ಹೆಚ್ಚು ಕಾಲ ಉರಿಯಿತು. 2025ರ ಏಪ್ರಿಲ್‌ನಲ್ಲಿ ಡಿಆರ್‌ಡಿಒದ ಹೈದರಾಬಾದ್ ಪ್ರಯೋಗಾಲಯ ಡಿಆರ್‌ಡಿಎಲ್ ನೆಲದ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಉರಿತ 1,000 ಸೆಕೆಂಡ್ ದಾಟಿತು. ಆ ಎಂಜಿನ್ ಹೊತ್ತ ಕ್ಷಿಪಣಿ ಅಷ್ಟು ಹೊತ್ತು ಹಾರಿ ತೋರಿಸುವುದು ಮುಂದಿನ ಹೆಜ್ಜೆ.